ತಾಯಿಯಿಂದ ಕಾಯಿಲೆಯ ವಿಷಯವನ್ನು ಮುಚ್ಚಿಡುವುದು ಸರಿಯೇ?

ಪ್ರಶ್ನೆ:
ನನ್ನ ತಾಯಿಗೆ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಅವರು ಧೈರ್ಯಗೆಡುತ್ತಾರೆಂದು ಅಣ್ಣ ವಿಷಯವನ್ನು ಮುಚ್ಚಿಡಲು ಹೇಳುತ್ತಿದ್ದಾನೆ, ಆದರೆ ನಿನ್ನೆ ರಾತ್ರಿ ಮಾತ್ರೆ ಕೊಡುವಾಗ ಅಮ್ಮ ನನ್ನ ಕೈ ಹಿಡಿದು, "ರಿಪೋರ್ಟ್‌ನಲ್ಲಿ ಏನು ಬಂದಿದೆ?" ಎಂದು ಕೇಳಿದರು. ನಾನು ಮುಖ ತಿರುಗಿಸಿಕೊಂಡೆ. ಪ್ರೀತಿಯಿಂದ ಹೇಳುವ ಸುಳ್ಳು ನೈತಿಕವಾಗಿ ಸರಿಯೇ?

ಉತ್ತರ 1:
ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು 1797ರಲ್ಲಿ ವಾದಿಸಿದ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ನಿಲುವು ನನಗೆ ಅತಿರೇಕವೆನಿಸುತ್ತದೆ. ಆದರೂ ವೈದ್ಯಕೀಯ ನೀತಿಶಾಸ್ತ್ರದ ಚಿಂತಕರಾದ ಬೀಚಮ್ ಮತ್ತು ಚಿಲ್ಡ್ರೆಸ್ 1979ರಲ್ಲಿ ಮುಂದಿಟ್ಟ ಸ್ವಾಯತ್ತತೆ (ರೋಗಿ ತನ್ನ ನಿರ್ಧಾರವನ್ನು ತಾನೇ ಮಾಡುವುದು), ಹಾನಿ ಮಾಡದಿರುವುದು, ಹಿತಸಾಧನೆ, ನ್ಯಾಯ ಎಂಬ ನಾಲ್ಕು ತತ್ತ್ವಗಳಲ್ಲಿ ನಿಮ್ಮ ಅಣ್ಣ ಹಿತವನ್ನಷ್ಟೇ ನೋಡುತ್ತಿದ್ದಾರೆ. ಕಿಮೋಥೆರಪಿ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದವರು ನಿಮ್ಮ ತಾಯಿ. ಕಾಯಿಲೆ ಏನೆಂದೇ ತಿಳಿಯದವರು ಕೊಡುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಉತ್ತರ 2:
ತಿಳಿದುಕೊಳ್ಳದಿರುವ ಹಕ್ಕೂ ರೋಗಿಗೆ ಇದೆ. ನನ್ನ ತಂದೆ "ವಿವರ ಬೇಡ, ನೀವೇ ನೋಡಿಕೊಳ್ಳಿ" ಎಂದಾಗ ನಾವು ಆ ಮಾತನ್ನು ಗೌರವಿಸಿದೆವು. ಆದರೆ ಅದು ಅವರದೇ ಆಯ್ಕೆಯಾಗಿತ್ತು, ನಮ್ಮದಲ್ಲ. ಆದ್ದರಿಂದ ಎಷ್ಟು ತಿಳಿಯಲು ಬಯಸುತ್ತೀರೆಂದು ವೈದ್ಯರು ಮೊದಲು ನಿಮ್ಮ ತಾಯಿಯನ್ನೇ ಕೇಳಲಿ.

ಪ್ರಶ್ನೆ ಕೇಳಿದವರು:
ಅಮ್ಮ ಆಗಲೇ ಕೇಳಿದ್ದಾರೆ. ನಾಳೆ ಅಣ್ಣನನ್ನೂ ಜೊತೆಗೆ ಕರೆದುಕೊಂಡು ವೈದ್ಯರನ್ನು ಕಾಣುತ್ತೇನೆ.