ಸೈಕ್ಲೋ-ಕ್ರಾಸ್‌ನ ಹಲಗೆಗೆ ‘ತಡಮೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆಯ ಗೋಡೆಪತ್ರಿಕೆಗೆ ನೆದರ್‌ಲ್ಯಾಂಡ್ಸ್‌ನ ಮರಿಯಾನ ವೋಸ್ ಬಗ್ಗೆ ಬರೆಯುತ್ತಿದ್ದೇನೆ. ಕೆಸರು, ಮರಳಿನಂಥ ಕಚ್ಚಾ ದಾರಿಯಲ್ಲಿ ನಡೆಯುವ ಸೈಕಲ್ ಓಟ ಸೈಕ್ಲೋ-ಕ್ರಾಸ್‌ನಲ್ಲಿ 8 ಸಲ ವಿಶ್ವ ಚಾಂಪಿಯನ್ ಆದವರು. 2006ರಲ್ಲಿ ಮೊದಲ ಸಲ ಗೆದ್ದಾಗ ಅವರಿಗೆ 18 ವರ್ಷ. 2009ರಿಂದ 2014ರವರೆಗೆ ಒಂದು ವರ್ಷವೂ ಬಿಡಲಿಲ್ಲ. ಆಮೇಲೆ 7 ವರ್ಷ ಪಟ್ಟ ಬೇರೆಯವರ ಪಾಲಾಯಿತು. 2022ರಲ್ಲಿ ಮತ್ತೆ ಅವರೇ!

ಇಷ್ಟು ಸಲೀಸಾಗಿ ಬರೆದೆ. ಸಿಕ್ಕಿಬಿದ್ದದ್ದು ಒಂದು ಹಲಗೆಯ ಹತ್ತಿರ. ಈ ಓಟದ ದಾರಿಗೆ ಅಡ್ಡಲಾಗಿ ಹಲಗೆ ನಿಲ್ಲಿಸುತ್ತಾರೆ. ಎತ್ತರ 40 ಸೆಂಟಿಮೀಟರ್ ಮೀರುವಂತಿಲ್ಲ. ಸವಾರರು ಓಡುವ ಸೈಕಲ್‌ನಿಂದ ಇಳಿದು, ಅದನ್ನು ಎತ್ತಿಕೊಂಡು ದಾಟಿ, ಮತ್ತೆ ಹತ್ತುತ್ತಾರೆ. ಬೆಲ್ಜಿಯಂನ ಸ್ವೆನ್ ನೈಸ್ ಇಳಿಯದೆ ಸೈಕಲ್ ಸಮೇತ ಹಾರಿಯೇ ಹೆಸರಾದವರು.

ಇದಕ್ಕೆ ‘ಅಡೆತಡೆ’ ಅಂತ ಬರೆದು ಹೊಡೆದುಹಾಕಿದೆ. ತಡೆ ಅಂದರೆ ನಿಲ್ಲಿಸುವಂಥದ್ದು ಅಲ್ವಾ? ಈ ಹಲಗೆ ಇರುವುದೇ ದಾಟಲಿಕ್ಕೆ. ಆಗ ನೆನಪಾದದ್ದು ತಡಮೆ. ಭಾಗಮಂಡಲದ ಕಡೆ ನಮ್ಮ ಅಜ್ಜಿಮನೆಯ ಗದ್ದೆಗೆ ಇಳಿಯುವ ಬೇಲಿಯಲ್ಲಿ ಒಂದಿತ್ತು. ದನ ಒಳಗೆ ಬರುವಂತಿಲ್ಲ, ಮನುಷ್ಯರು ಕಾಲೆತ್ತಿ ದಾಟಬೇಕು. ಮಳೆಗಾಲದಲ್ಲಿ ಅಜ್ಜಿ ತಲೆಯ ಮೇಲಿನ ಹುಲ್ಲುಹೊರೆ ಇಳಿಸದೆ ಅದನ್ನು ದಾಟುತ್ತಿದ್ದರು. ವೋಸ್ ಸೈಕಲ್ ಎತ್ತಿಕೊಂಡು ದಾಟುವುದನ್ನು ನೋಡಿದಾಗೆಲ್ಲ ನನಗೆ ಅದೇ ಕಾಣುತ್ತದೆ. ಬೇಲಿಗೆ ಅಡ್ಡಗಳ ಹಾಕಿ ಮಾಡುವ ಉಣುಗೋಲು ಇಲ್ಲಿಗೆ ಹೊಂದುವುದಿಲ್ಲ, ಅದರ ಗಳ ಸರಿಸಿ ಹೋಗುತ್ತೇವೆ.

ಇನ್ನೊಂದು ಮಾತು. ಗೆಳೆಯರೊಬ್ಬರು ಆಟದ ಹೆಸರನ್ನೇ ‘ಕೆಸರು ಸೈಕಲ್ ಓಟ’ ಅಂತ ಮಾಡು ಎಂದರು. ನಮ್ಮ ಕೆಸರುಗದ್ದೆ ಓಟ ನೋಡಿ ಬೆಳೆದ ಮಕ್ಕಳಿಗೆ ಥಟ್ಟನೆ ಹಿಡಿಸುತ್ತದೆ, ನಿಜ. ಆದರೆ ಬೆಲ್ಜಿಯಂನ ಕೊಕ್ಸೈಡೆಯಲ್ಲಿ ಈ ಓಟ ನಡೆಯುವುದು ಮರಳುದಿಬ್ಬಗಳ ಮೇಲೆ. ಹಾಗಾಗಿ ಸೈಕ್ಲೋ-ಕ್ರಾಸ್ ಅಂತಲೇ ಉಳಿಸಿಕೊಂಡಿದ್ದೇನೆ.

ನನ್ನ ಪ್ರಶ್ನೆ ತಡಮೆಯದು. ‘ವೋಸ್ ಎರಡು ತಡಮೆ ದಾಟಿ ಮುಂದೆ ಬಂದರು’ ಅಂದರೆ ಬಯಲುಸೀಮೆಯವರಿಗೆ ಅರ್ಥವಾಗುತ್ತದಾ? ನಿಮ್ಮ ಕಡೆ ಇದಕ್ಕೆ ಏನನ್ನುತ್ತೀರಿ? ವಿರಾಜಪೇಟೆ, ಪೊನ್ನಂಪೇಟೆ ಕಡೆಯವರು ಕೊಡವ ತಕ್ಕ್‌ನಲ್ಲಿ ಬಳಸುವ ಪದವನ್ನೂ ದಯವಿಟ್ಟು ತಿಳಿಸಿ.