ಬಿಎ ಓದುತ್ತಿದ್ದೇನೆ, ಶಾಸಕರ ಕಚೇರಿಯಲ್ಲಿ ಕೆಲಸ ಕಲಿಯಬಹುದಾ ಅಕ್ಕ?

ಪ್ರಶ್ನೆ:
ನಮಸ್ಕಾರ ಅಕ್ಕ. ನಾನು ಕೊಪ್ಪಳ ಜಿಲ್ಲೆಯವನು. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ ಎರಡನೇ ವರ್ಷ. ನೀವು ಶಾಸಕರೊಬ್ಬರ ಹತ್ತಿರ ಸದನದ ಕೆಲಸ ಮಾಡಿ, ಈಗ ಬೆಂಗಳೂರಿನಲ್ಲಿ ಪಾಲಿಸಿ, ಅಂದರೆ ಸರ್ಕಾರದ ನೀತಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೀರಿ ಅಂತ ಗುಂಪಿನಲ್ಲಿ ಓದಿದೆ. ನನಗೂ ಇದೇ ದಾರಿಗೆ ಬರಬೇಕು ಅಂತ ಆಸೆ. ಆದರೆ ಇಂಟರ್ನ್‌ಶಿಪ್ ಎಲ್ಲ ದೆಹಲಿ, ಬೆಂಗಳೂರಿನ ದೊಡ್ಡ ಕಾಲೇಜಿನವರಿಗೇ ಸಿಗುತ್ತದೆ ಅಂತಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಲಿ?

ಉತ್ತರ:
ಅಕ್ಕ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ ತಮ್ಮಾ.

ನಿಮ್ಮೂರಿನ ಗ್ರಾಮ ಪಂಚಾಯಿತಿಯಿಂದ ಶುರು ಮಾಡು. ಬೇರೆ ಏನೂ ಸಿಗದವರಿಗೆ ಹೇಳುವ ಸಮಾಧಾನದ ಮಾತಲ್ಲ ಇದು. ನಾನು ಈಗ ಇಂಟರ್ನ್‌ಗಳನ್ನು ಆರಿಸುವ ಜಾಗದಲ್ಲಿ ಕೂರುತ್ತೇನೆ, ಅರ್ಜಿ ಓದುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಹೆಚ್ಚಿನ ಅರ್ಜಿಗಳಲ್ಲಿ ಸರ್ಟಿಫಿಕೇಟ್‌ಗಳ ಪಟ್ಟಿ ಇರುತ್ತದೆ, 'ಸಮಾಜಕ್ಕೆ ಏನಾದರೂ ಮಾಡಬೇಕು' ಅಂತ ಒಂದು ಸಾಲು ಇರುತ್ತದೆ. ಒಂದು ವರ್ಷ ಒಬ್ಬ ಹುಡುಗ ತನ್ನ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಬಗ್ಗೆ ಎರಡು ಪುಟ ಬರೆದು ಕಳಿಸಿದ್ದ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಾರಲ್ಲ, ಅದೇ. ಎರಡು ತಿಂಗಳು ದಿನಾ ಹೋಗಿ ಘಟಕ ತೆರೆದಿತ್ತಾ ಮುಚ್ಚಿತ್ತಾ ಅಂತ ಬರೆದುಕೊಂಡಿದ್ದ. ರಿಪೇರಿ ಮಾಡಿಸಬೇಕಾದವರು ಯಾರು ಅಂತ ಪಂಚಾಯಿತಿ ನಡಾವಳಿ, ಅಂದರೆ ಸಭೆಯಲ್ಲಿ ನಡೆದದ್ದರ ದಾಖಲೆ ಓದಿ ಹುಡುಕಿದ್ದ. ಬರೆದದ್ದು ಕನ್ನಡದಲ್ಲಿ, ಅಲ್ಲಲ್ಲಿ ಕಾಗುಣಿತದ ತಪ್ಪು. ಅವನನ್ನು ತೆಗೆದುಕೊಳ್ಳುವುದಕ್ಕೆ ನಾವು ಐದು ನಿಮಿಷವೂ ಚರ್ಚೆ ಮಾಡಲಿಲ್ಲ.

ನೀನೂ ಒಂದೇ ಒಂದು ವಿಷಯ ಹಿಡಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು ಅಂತ ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಮುಂದಿನ ಸಭೆಗೆ ಹೋಗಿ ಹಿಂದೆ ಕೂತು ಬರೆದುಕೋ. ಯಾರು ಮಾತಾಡಿದರು, ಯಾರು ಏನು ಕೇಳಿದರು, ಯಾವ ಠರಾವು ಆಯಿತು. ವರ್ಷಕ್ಕೊಮ್ಮೆ ಜಮಾಬಂದಿ ಇರುತ್ತದೆ, ಅಲ್ಲಿ ಪಂಚಾಯಿತಿ ಹಿಂದಿನ ವರ್ಷ ಖರ್ಚು ಮಾಡಿದ್ದರ ಲೆಕ್ಕವನ್ನು ಜನರ ಮುಂದೆ ಇಡಬೇಕು. ಆ ಲೆಕ್ಕ ಓದುವುದಕ್ಕೆ ಕಲಿತರೆ ರಾಜ್ಯದ ಬಜೆಟ್ ಪುಸ್ತಕ ನೋಡಿ ನಿನಗೆ ಭಯ ಆಗಲ್ಲ.

ಇನ್ನು ಶಾಸಕರ ಕಚೇರಿ. ಅಲ್ಲಿ ಎರಡು ಥರದ ಕೆಲಸ ಇದೆ. ಬೆಳಿಗ್ಗೆ ಎಂಟಕ್ಕೇ ಜನ ಬಂದು ಕೂತಿರುತ್ತಾರೆ. ಒಬ್ಬರಿಗೆ ವಿಧವಾ ವೇತನ ನಿಂತಿದೆ, ಇನ್ನೊಬ್ಬರ ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಮತ್ತೊಬ್ಬರ ಮಗನಿಗೆ ಹಾಸ್ಟೆಲ್ ಸಿಕ್ಕಿಲ್ಲ. ಪತ್ರ ಬರೆಯುವುದು, ತಹಶೀಲ್ದಾರ್ ಕಚೇರಿಗೆ ಫೋನ್ ಮಾಡುವುದು, ಇದೊಂದು. ಇನ್ನೊಂದು ಸದನದ ಕೆಲಸ. ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವುದು), ಚುಕ್ಕೆ ಗುರುತಿಲ್ಲದ ಪ್ರಶ್ನೆ (ಬರಹದಲ್ಲಿ ಉತ್ತರ ಬರುವುದು), ತುರ್ತು ವಿಷಯಕ್ಕೆ ಮಂತ್ರಿಯ ಗಮನ ಸೆಳೆಯುವ ಸೂಚನೆ, ಮಸೂದೆ ಬಂದಾಗ ಟಿಪ್ಪಣಿ. ಮೊದಲನೆಯದನ್ನು ಕಡಿಮೆ ಅಂತ ತಿಳಿಯಬೇಡ. ನಾನು ಬರೆದ ಅತ್ಯಂತ ಒಳ್ಳೆಯ ಪ್ರಶ್ನೆ ಹುಟ್ಟಿದ್ದು ಆ ಬೆಂಚಿನ ಮೇಲೆಯೇ. ಒಂದೇ ಹೋಬಳಿಯಿಂದ ಪಿಂಚಣಿ ನಿಂತವರು ಸಾಲಾಗಿ ಬರತೊಡಗಿದಾಗ, ಇದು ಒಬ್ಬೊಬ್ಬರ ಕಷ್ಟ ಅಲ್ಲ, ಎಲ್ಲೋ ಒಂದು ಆದೇಶದ ಪರಿಣಾಮ ಅಂತ ಹೊಳೆಯಿತು. ಹುಡುಕಿದೆ, ಸಿಕ್ಕಿತು, ಸದನದಲ್ಲಿ ಕೇಳಿದೆವು.

ಶಾಸಕರಿಗೆ ಒಂದು ಪುಟದ ಪತ್ರ ಕೊಡು, ಕನ್ನಡದಲ್ಲೇ. 'ನನಗೆ ಅವಕಾಶ ಕೊಡಿ' ಅಂತಷ್ಟೇ ಬರೆಯಬೇಡ. ಅಧಿವೇಶನಕ್ಕೆ ಮುಂಚೆ ನಮ್ಮ ತಾಲ್ಲೂಕಿನ ಇಂಥ ವಿಷಯದ ಮಾಹಿತಿ ಕಲೆ ಹಾಕಿ ಕೊಡುತ್ತೇನೆ ಅಂತ ಬರೆ. ನಮ್ಮಲ್ಲಿ 224 ಜನ ಶಾಸಕರು, 75 ಜನ ವಿಧಾನ ಪರಿಷತ್ ಸದಸ್ಯರು ಇದ್ದಾರೆ. ಪರಿಷತ್ತಿನವರನ್ನು ವಿದ್ಯಾರ್ಥಿಗಳು ಯಾರೂ ಕೇಳುವುದೇ ಇಲ್ಲ, ಕೇಳಿ ನೋಡು.

ಇನ್ನೊಬ್ಬರ ಪ್ರಶ್ನೆ:
ಮೇಡಂ, ದೆಹಲಿಯ ಲ್ಯಾಂಪ್ ಫೆಲೋಶಿಪ್, ನೀತಿ ಆಯೋಗದ ಇಂಟರ್ನ್‌ಶಿಪ್ ಬಗ್ಗೆ ಹೇಳಿ. ಮನೆಯಿಂದ ದುಡ್ಡು ತರುವ ಪರಿಸ್ಥಿತಿ ನನಗಿಲ್ಲ.

ಉತ್ತರ:
ದುಡ್ಡಿನ ಮಾತು ನೇರವಾಗಿ ಎತ್ತಿದ್ದು ಒಳ್ಳೆಯದಾಯಿತು. ಎಲ್ಲರೂ ನುಂಗಿಕೊಂಡು ಆಮೇಲೆ ಒದ್ದಾಡುತ್ತಾರೆ.

ನೀತಿ ಆಯೋಗ ಅಂದರೆ ಕೇಂದ್ರ ಸರ್ಕಾರಕ್ಕೆ ನೀತಿಗಳ ಬಗ್ಗೆ ಸಲಹೆ ಕೊಡುವ ಸಂಸ್ಥೆ, ಅದರ ಇಂಟರ್ನ್‌ಶಿಪ್‌ನಲ್ಲಿ ಸಂಬಳ ಇಲ್ಲ. ಕನಿಷ್ಠ ಆರು ವಾರ, ಹೆಚ್ಚೆಂದರೆ ಆರು ತಿಂಗಳು. ಪದವಿ ವಿದ್ಯಾರ್ಥಿಗಳಿಗೆ ಪಿಯುಸಿಯಲ್ಲಿ 85% ಅಂಕ ಬೇಕು, ಎರಡನೇ ವರ್ಷ ಮುಗಿದಿರಬೇಕು. ಎಂಎ ಮಾಡುವವರಿಗೆ ಪದವಿಯಲ್ಲಿ 70% ಕೇಳುತ್ತಾರೆ. ಈ ಅಂಕದ ಗೆರೆ ನನಗೆ ಇಷ್ಟವಿಲ್ಲ. ಗದ್ದೆ ಕೆಲಸ ಮಾಡಿಕೊಂಡು 78 ತೆಗೆದ ಮಕ್ಕಳು ಆಚೆ ಉಳಿಯುತ್ತಾರೆ. ದೆಹಲಿಯಲ್ಲಿ ಉಳಿಯಲು ನೆಂಟರ ಮನೆ ಇಲ್ಲದಿದ್ದರೆ ಸಾಲ ಮಾಡಿ ಹೋಗಬೇಡಿ.

ಲ್ಯಾಂಪ್ ಬೇರೆ ಥರ. ಸಂಸತ್ತು, ಮಸೂದೆಗಳ ಬಗ್ಗೆ ಸಂಶೋಧನೆ ಮಾಡುವ ಪಿಆರ್‌ಎಸ್ ಸಂಸ್ಥೆ 2010ರಿಂದ ನಡೆಸುತ್ತಿದೆ. ಪದವಿ ಮುಗಿದಿರಬೇಕು, ಯಾವ ವಿಷಯವಾದರೂ ಸರಿ, ವಯಸ್ಸು 25 ದಾಟಿರಬಾರದು. ತಿಂಗಳಿಗೆ ಸ್ಟೈಪೆಂಡ್, ಅಂದರೆ ಖರ್ಚಿಗೆ ಭತ್ಯೆ ಕೊಡುತ್ತಾರೆ. ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಒಬ್ಬ ಸಂಸದರ ಜೊತೆ ಕೆಲಸ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಮಾತ್ರ ಪಟ್ಟಿಗೆ ಬರುತ್ತವೆ, ಅದಕ್ಕೂ ಬ್ಯಾಲೆಟ್, ಅಂದರೆ ಲಾಟರಿ ಥರದ ಆಯ್ಕೆ ಇರುತ್ತದೆ. ನಿಮ್ಮ ಸಂಸದರ ಪ್ರಶ್ನೆ ಅಲ್ಲಿಗೆ ಹೋಗುವ ಮುಂಚೆ ಅದನ್ನು ಹದ ಮಾಡುವುದು ನಿಮ್ಮ ಕೆಲಸ. ಇದಕ್ಕೆ ಇಂಗ್ಲಿಷ್ ಬೇಕೇ ಬೇಕು, ಸುಳ್ಳು ಹೇಳಲ್ಲ. ದಿನಾ ಒಂದು ಸಂಪಾದಕೀಯ ಓದಿ, ಐದು ಸಾಲಲ್ಲಿ ಸಾರಾಂಶ ಬರೆಯಿರಿ. ನಾನೂ ಕನ್ನಡ ಮಾಧ್ಯಮದವಳೇ, ಹಾಗೇ ಕಲಿತದ್ದು.

ಬೆಂಗಳೂರಿನಲ್ಲೂ ಆಡಳಿತ, ನೀತಿಯ ಬಗ್ಗೆ ಕೆಲಸ ಮಾಡುವ ಸಂಸ್ಥೆಗಳಿವೆ. ಪಬ್ಲಿಕ್ ಅಫೇರ್ಸ್ ಸೆಂಟರ್, ಜನಾಗ್ರಹ, ತಕ್ಷಶಿಲಾ, ದಕ್ಷ್. ಅವರ ವರದಿಗಳನ್ನು ಮೊದಲು ಓದಿ, ಆಮೇಲೆ ಮೇಲ್ ಮಾಡಿ. ಸ್ಟೈಪೆಂಡ್ ಇದೆಯಾ ಅಂತ ಮೊದಲ ಮೇಲ್‌ನಲ್ಲೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಇಂಟರ್ನ್‌ಶಿಪ್ ಕೊಡುವುದಕ್ಕೆ ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಒಂದು ಅನುಭವ ಹೇಳುತ್ತೇನೆ. ನನ್ನ ಮೊದಲ ಇಂಟರ್ನ್‌ಶಿಪ್‌ನಲ್ಲಿ ಎರಡು ತಿಂಗಳು ಹುಟ್ಟುಹಬ್ಬದ ಬ್ಯಾನರ್‌ಗೆ ಫೋಟೋ ಜೋಡಿಸಿದ್ದೇ ಕೆಲಸ. ಕೊನೆಗೆ ಸರ್ಟಿಫಿಕೇಟ್ ಕೂಡ ಕೊಡಲಿಲ್ಲ. ಸೇರುವ ಮುಂಚೆ 'ನನ್ನ ಕೆಲಸ ಏನು, ಯಾರಿಗೆ ವರದಿ ಮಾಡಬೇಕು' ಅಂತ ನಾನು ಕೇಳಿರಲಿಲ್ಲ. ನೀವು ಕೇಳಿ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ.

ಮತ್ತೊಬ್ಬರ ಪ್ರಶ್ನೆ:
ಅಕ್ಕ, ನಮ್ಮ ಕಾಲೇಜಲ್ಲಿ ಚುನಾವಣೆಯೇ ಇಲ್ಲ. ನಾಯಕತ್ವ ಕಲಿಯುವುದು ಎಲ್ಲಿ? ಅಪ್ಪ ಬೇರೆ, ಹೆಣ್ಣುಮಕ್ಕಳಿಗೆ ರಾಜಕೀಯ ಬೇಡ ಅಂತಾರೆ.

ಉತ್ತರ:
ತಂಗಿ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು 30 ವರ್ಷದ ಮೇಲಾಯಿತು. ಗಲಾಟೆ ನಿಲ್ಲಿಸುವುದಕ್ಕೆ ನಿಲ್ಲಿಸಿದರು, ಸರಿ, ಆದರೆ ಊರಿನ ಸಾಮಾನ್ಯ ಮನೆಯ ಮಕ್ಕಳು ಮೆಟ್ಟಿಲು ಹತ್ತುವ ಜಾಗವೇ ಹೋಯಿತು ಅಂತ ನನಗೆ ಇವತ್ತಿಗೂ ಸಂಕಟ.

ಇರುವುದರಲ್ಲಿ ಹೇಳುತ್ತೇನೆ. ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರು. ಏಳು ದಿನದ ಕ್ಯಾಂಪ್‌ನಲ್ಲಿ ಸುಮ್ನೆ ರಸ್ತೆ ಗುಡಿಸಿ ಬರಬೇಡ, ಆ ಊರಿನ ಮನೆ ಸಮೀಕ್ಷೆಯ ಜವಾಬ್ದಾರಿ ಕೇಳಿ ತೆಗೆದುಕೋ. 18ರಿಂದ 25 ವಯಸ್ಸಿನವರಿಗೆ ಕೇಂದ್ರ ಸರ್ಕಾರದ ಯುವ ಸಂಸತ್ತು, ಅಂದರೆ ಸಂಸತ್ತಿನ ಮಾದರಿಯಲ್ಲಿ ಯುವಜನರು ಮಾತಾಡುವ ಕಾರ್ಯಕ್ರಮ, 2019ರಿಂದ ನಡೆಯುತ್ತಿದೆ. ಹಾಸ್ಟೆಲ್‌ನಲ್ಲಿದ್ದರೆ ಮೆಸ್ ಕಮಿಟಿಗೆ ಹೋಗು. ನಗಬೇಡ. ಅಕ್ಕಿ ಎಷ್ಟು ಬಂತು, ತರಕಾರಿಗೆ ಎಷ್ಟು ಹೋಯಿತು, ನೂರು ಜನರ ದೂರು ಕೇಳಿ ಒಂದು ತೀರ್ಮಾನಕ್ಕೆ ತರುವುದು, ಸಂದರ್ಶನದಲ್ಲಿ ನಾನು ಕೇಳುವುದೇ ಇಂಥದ್ದನ್ನು. ನಿಮ್ಮೂರಲ್ಲಿ ಮಕ್ಕಳ ಗ್ರಾಮಸಭೆ ಇದ್ದಾಗ ಪುಟ್ಟ ಮಕ್ಕಳಿಗೆ ತಮ್ಮ ಪ್ರಶ್ನೆ ತಾವೇ ಬರೆಯುವುದನ್ನು ಹೇಳಿಕೊಡು.

ಅಪ್ಪನಿಗೆ ಇಷ್ಟು ಹೇಳು. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೇ ಮೀಸಲು. 21 ತುಂಬಿದರೆ ನೀನೇ ನಿಲ್ಲಬಹುದು. ಆಮೇಲೆ ಅವರನ್ನೂ ಗ್ರಾಮಸಭೆಗೆ ಕರೆದುಕೊಂಡು ಹೋಗು. ನಮ್ಮಪ್ಪ ಮೆತ್ತಗಾಗಿದ್ದು ಹಾಗೇ, ನಾನು ಎದ್ದು ನಿಂತು ಲೆಕ್ಕ ಕೇಳಿದ ದಿನ.

ಅದೇ ಕೊಪ್ಪಳದ ವಿದ್ಯಾರ್ಥಿ, ನಾಲ್ಕು ದಿನದ ನಂತರ:
ಅಕ್ಕ, ಪಂಚಾಯಿತಿಗೆ ಹೋಗಿದ್ದೆ. ನಡಾವಳಿ ನೋಡಬೇಕು ಅಂದೆ. 'ನೀನ್ಯಾರು, ನಿನಗ್ಯಾಕೆ' ಅಂತ ಕಳಿಸಿದರು. ಬೇಜಾರಾಯಿತು.

ಉತ್ತರ:
ಬೇಜಾರಾಗುತ್ತೆ ತಮ್ಮಾ, ಆದರೆ ಇದು ಎಲ್ಲರಿಗೂ ಮೊದಲ ಸಲ ಆಗುವುದೇ. ಜಗಳ ಆಡಬೇಡ. ಮಾಹಿತಿ ಹಕ್ಕಿನ ನಮೂನೆ 'ಎ'ಯಲ್ಲಿ ಅರ್ಜಿ ಬರೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಎಲ್ಲ ಕೇಳಲು ಹೋಗಬೇಡ, ಹೋದ ಆರು ತಿಂಗಳ ಸಾಮಾನ್ಯ ಸಭೆಗಳ ನಡಾವಳಿ ಪ್ರತಿ ಅಂತಷ್ಟೇ ಕೇಳು. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸು. 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ ಇದೆ, ಅದನ್ನು ಬರೆಯುವಾಗ ನಾನು ಜೊತೆಗಿರುತ್ತೇನೆ. ಅರ್ಜಿಯ ಎರಡು ಪ್ರತಿ ಮಾಡಿಕೊಂಡು ಹೋಗು, ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ವಾಪಸ್ ಬಾ. ಆ ಪ್ರತಿಯ ಫೋಟೋ ಇಲ್ಲಿ ಹಾಕು, ನಿನ್ನ ವಿಳಾಸ, ಫೋನ್ ನಂಬರ್ ಮಾತ್ರ ಮುಚ್ಚಿರಲಿ.