‘ಆನೆಗಿಂತ ಮೂರು ಪಟ್ಟು ದೊಡ್ಡದು’: ಯಾವುದರಲ್ಲಿ, ಎಷ್ಟು?

ಶಿರಸಿಯ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಸಿದ್ಧವಾಗುತ್ತಿರುವ ಫಲಕವನ್ನು ತಿದ್ದುವಾಗ ಎದುರಾದ ವಾಕ್ಯ ಇದು: ‘ತಿಮಿಂಗಿಲ ಶಾರ್ಕ್ ಆನೆಗಿಂತ ಮೂರು ಪಟ್ಟು ದೊಡ್ಡದು.’ ಇಲ್ಲಿನ ‘ದೊಡ್ಡದು’, ‘ಪಟ್ಟು’ ಎಂಬೆರಡು ಪದಗಳಿಂದ ಓದುಗರು ಯಾವ ಅರ್ಥವನ್ನು ಗ್ರಹಿಸುತ್ತಾರೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಬೆಳೆದ ಏಷ್ಯಾದ ಗಂಡಾನೆ ಸುಮಾರು 4 ಟನ್ ತೂಗುತ್ತದೆ, ಸೊಂಡಿಲು ಸೇರಿಸಿದರೆ ಅದರ ಉದ್ದ 6 ಮೀಟರಿನ ಆಸುಪಾಸು. 12 ಮೀಟರ್ ಉದ್ದದ ತಿಮಿಂಗಿಲ ಶಾರ್ಕ್ 10 ಟನ್ನಿಗೂ ಮಿಕ್ಕಿ ತೂಗುವುದರಿಂದ, ಅದೇ ಜೋಡಿ ಉದ್ದದಲ್ಲಿ ಎರಡು ಪಟ್ಟಾದರೆ ತೂಕದಲ್ಲಿ ಮೂರರ ಆಚೀಚೆ ನಿಲ್ಲುತ್ತದೆ. ಎತ್ತರದ ಮಾತಂತೂ ಮೀನಿಗೆ ಹೊಂದುವುದೇ ಇಲ್ಲ. ಆದರೆ ಘಟ್ಟದ ಮೇಲೆ ‘ದೊಡ್ಡ ಆನೆ’ ಎಂದರೆ ಮೊದಲು ಹೊಳೆಯುವುದು ಎತ್ತರವೇ. ಹಳಿಯಾಳ, ಯಲ್ಲಾಪುರದ ಕಡೆ ಆನೆ ಗದ್ದೆಗಿಳಿದು ಹೋದ ಮೇಲೆ, ಕೆಸರಿನಲ್ಲಿ ಮೂಡಿದ ಮುಂಗಾಲಿನ ಹೆಜ್ಜೆಯ ಅಂಚಿಗೆ ಹಗ್ಗವಿಟ್ಟು ಸುತ್ತಳತೆ ತೆಗೆದು, ಅದನ್ನು ಇಮ್ಮಡಿಸಿದರೆ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಕಾರವಾರದ ದಕ್ಕೆಯಲ್ಲಾದರೋ ತಾಟೆಯನ್ನು (ಅಂದರೆ ಶಾರ್ಕ್, ಕೊಂಕಣಿಯವರ ಮೋರಿ) ಮೂತಿಯಿಂದ ಬಾಲದ ತುದಿಯವರೆಗೆ ನೋಡಿ ದೊಡ್ಡದು, ಸಣ್ಣದು ಎನ್ನುತ್ತಾರೆ. ತಿಮಿಂಗಿಲ ಶಾರ್ಕಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಅದು ತಕ್ಕಡಿಗೆ ಬರುವ ಪ್ರಶ್ನೆಯೇ ಇಲ್ಲ. ಅದರ ತೂಕವೆಂದು ನಾವು ಓದುವುದು ಬಹುಮಟ್ಟಿಗೆ ಉದ್ದದಿಂದ ಕಟ್ಟಿದ ಅಂದಾಜು.

‘ಪಟ್ಟು’ ಇನ್ನೂ ತೊಡಕಿನದು. ‘ಮೂರು ಪಟ್ಟು’ ಎಂದಷ್ಟೇ ಹೇಳಿದರೆ 4 ಟನ್ನಿಗೆ 12 ಟನ್ ಎಂಬುದರಲ್ಲಿ ಅನುಮಾನವಿಲ್ಲ. ‘ಮೂರು ಪಟ್ಟು ಹೆಚ್ಚು’ ಎಂದ ಕೂಡಲೇ ಕೆಲವರು ಮೂಲದ ನಾಲ್ಕಕ್ಕೆ ಹನ್ನೆರಡನ್ನು ಕೂಡಿಸಿ ಹದಿನಾರು ಎನ್ನುತ್ತಾರೆ, ಲೆಕ್ಕದ ಮೇಷ್ಟರುಗಳಂತೂ ಇದನ್ನು ಬಿಟ್ಟುಕೊಡುವವರಲ್ಲ. ‘ಗಿಂತ’ ಮತ್ತು ‘ಪಟ್ಟು’ ಒಂದೇ ವಾಕ್ಯದಲ್ಲಿ ಕೂಡಿದಾಗಲೇ ಈ ಗೊಂದಲ ಹುಟ್ಟುತ್ತದೆಂದು ನನಗೆ ತೋರುತ್ತದೆ. ‘ಮುಮ್ಮಡಿ’ ಎನ್ನೋಣವೆಂದರೆ ಮಕ್ಕಳಿಗೆ ಕೃಷ್ಣರಾಜ ಒಡೆಯರು ನೆನಪಾಗುತ್ತಾರೆ. ಇಮ್ಮಡಿ ಪುಲಕೇಶಿ ಮೊದಲನೆಯ ಪುಲಕೇಶಿಯ ಎರಡರಷ್ಟಿದ್ದನೆಂದು ಯಾರೂ ತಿಳಿಯುವುದಿಲ್ಲವಲ್ಲ.

ಸದ್ಯಕ್ಕೆ ‘ಉದ್ದದಲ್ಲಿ ಆನೆಯ ಎರಡರಷ್ಟು, ತೂಕದಲ್ಲಿ ಸುಮಾರು ಮೂರು ಆನೆಗಳಿಗೆ ಸಮ’ ಎಂದು ತಿದ್ದಿದ್ದೇನೆ. ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಇದೇ ಅರ್ಥದಲ್ಲಿ ‘ಎರಡರಷ್ಟು’ ಎನ್ನುವ ರೂಢಿಯಿದೆಯೇ ಅಥವಾ ‘ಎರಡು ಪಾಲು’ ಎನ್ನುತ್ತಾರೆಯೇ? ಫಲಕ ಅಚ್ಚಿಗೆ ಹೋಗುವ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ.